ಶ್ರವಣ ಮುಗಿದ ಹೊತ್ತು

ಘೋಡಗೇರಿ, ಹೊಲದ ಶೆಡ್ಡು
೨೮ ಆಗಸ್ಟ್ ೨೦೨೫

ತಮ್ಮಾ ಶೆಟ್ಟೆಪ್ಪಾ,

ಫೋನ್ ಹಚ್ಚಿದ್ರ ನಿನಗ ಕೇಳಂಗಿಲ್ಲ. ನಿನ್ನ ಹೇಣ್ತಿ ಕಸ್ತೂರಿಗೆ ಹೇಳಿದ್ರ ಆಕಿ ಅರ್ಧಾ ತನ್ನ ಮಾತು ಸೇರಿಸಿ ನಿನಗ ಕೈಸನ್ನಿ ಮಾಡತಾಳ. ಅದಕ್ಕ ಪೆನ್ನು ಹಿಡದೇನಿ. ಐದನೇತ್ತಕ್ಕ ಸಾಲಿ ಬಿಟ್ಟಾಕಿ ನಾ, ಮಾತಾಡಿದಂಗ ಬರೀತೇನಿ. ನೀ ಮೂವತ್ತೆರಡು ವರ್ಷ ಟಪಾಲು ಹಂಚಿದಾಂವ, ಎಂಥೆಂಥಾ ಅಕ್ಷರ ನೋಡಿಯೋ, ಇದನ್ನೂ ಓದು.

ನಾವು ಮನಿ ಬಿಟ್ವಿ. ನಮ್ಮ ಯಜಮಾನ್ರ, ನಿನ್ನ ಮಾವಾರ ಕಾರ್ಯ ಎಲ್ಲಾ ಮುಗಿದ ಮರುದಿನಾನ ಮಠದ ಅಯ್ಯಾರು ಮುಂದ ನಿಂತು ಬಾಗಿಲಾ ಹಾಕಿಸಿದ್ರು, ಹೊಸ್ತಿಲಕ್ಕ ಅಡ್ಡ ಜಾಲಿ ಮುಳ್ಳು ಒಟ್ಟಿಸಿದ್ರು. ಆರು ತಿಂಗಳು ತಗ್ಯಾಂಗಿಲ್ಲ, ಒಳಗ ದೀಪಾ ಹಚ್ಚಂಗಿಲ್ಲ. ಧನಿಷ್ಠಾ ನಕ್ಷತ್ರದಾಗ ಹ್ವಾದಾಂವ ಒಬ್ಬಾಂವ ಹೋಗಂಗಿಲ್ಲಂತ. ತನ್ನ ರಕ್ತದಾಗಿನ ಐದು ಮಂದೀನ ಕೈ ಹಿಡಿದು ಎಳಕೊಂಡು ಹೋಗತಾನಂತ, ಅದಕ್ಕ ಪಂಚಕ ಅಂತಾರಂತ. ಈಗ ನಾನು, ಮಗ ಶಿವಪುತ್ರ, ಸೊಸಿ ರಾಧಿಕಾ ಮೂರೂ ಮಂದಿ ಬಾಂವಿ ಬಾಜೂಕಿನ ತಗಡಿನ ಪತ್ರಾಸ್ ಶೆಡ್ಡಿನಾಗ ಅದೇವಿ. ಸುತ್ತೂ ಆಳೆತ್ತರ ಕಬ್ಬು.

ಅಯ್ಯಾರು ಪಂಚಾಂಗ ಮೂರು ಸಲ ತಿರುವಿ ಹಾಕಿದ್ರು. ಅವತ್ತ ನೂಲಹುಣ್ಣಿಮಿ ದಿನ ಮಧ್ಯಾಹ್ನ ಎರಡೂ ಇಪ್ಪತ್ಮೂರರ ತನಕ ಶ್ರವಣ ಇತ್ತಂತ. ಶ್ರವಣದಾಗ ಹ್ವಾದ್ರ ಯಾವ ದೋಷಾನೂ ಇಲ್ಲಂತ. ಆಮ್ಯಾಲೆ ಧನಿಷ್ಠಾ ಹತ್ತಿತು. ನೀ ಹೇಳಿದ ಹೊತ್ತು ಮೂರೂ ಹದಿನೈದು. ಐವತ್ತೆರಡು ಮಿನಿಟಿಗೆ ನಮ್ಮ ಹಣೆಬಾರಾ ತಿರುಗಿತು ನೋಡು.

ರಾಧಿಕಾಗ ಈಗ ಐದು ತಿಂಗಳು ತುಂಬಿದುವು. ಮೊದಲಿನ ಎರಡು ಕೂಸು ನಿಲ್ಲಲಿಲ್ಲ, ನಿನಗ ಗೊತ್ತದ. ಇದೂ ಹ್ವಾದ್ರ ಆ ಹುಡಿಗಿ ಬದುಕಂಗಿಲ್ಲ, ನಾನೂ ಬದುಕಂಗಿಲ್ಲ.

ಆದ್ರೂ ನಿನ್ನ ಉಪಕಾರ ಮರಿಯಾಕ ಆಗಂಗಿಲ್ಲ. ರಾಖಿ ಕಟ್ಟಿಸ್ಕೊಳ್ಳಾಕ ಬಂದಾಂವ, "ನೀವು ರಾಧಿಕಾನ ತೋರಿಸಾಕ ಹುಕ್ಕೇರಿ ದವಾಖಾನಿಗೆ ಹೋಗಿ ಬರ್ರಿ, ಹಾಸಿಗಿ ಹಿಡದ ಮಾವನ ಕಡೆ ನಾ ಅದೇನಿ" ಅಂದಿ. ಗಂಜಿ ಕುಡಿಸಿದಿ. ಕೊನೀಗೆ ಬಾಯಾಗ ನೀರು ಬಿಟ್ಟಿ. ನಿನ್ನ ಕೈಯಾಗ "ತಾಯಾ" ಅಂತ ಸಣ್ಣ ದನೀಲೆ ನನ್ನ ಹೆಸರು ತಗೊಂಡು ಹ್ವಾದ್ರು ಅಂತ ನೀನ ಹೇಳಿದಿ. ನಲವತ್ತಾರು ವರ್ಷದಾಗ ಅವರು ಒಮ್ಮೆನೂ ನನ್ನ ಹೆಸರು ಹಿಡಿದು ಕರದಾವರಲ್ಲ. "ಏ", "ಇಕಿನ", ಇಷ್ಟ. ಆ ಒಂದು ಮಾತಿನ ಮ್ಯಾಲ ನಾ ಜೀವಾ ಹಿಡದೇನಿ.

ನಿನ್ನ ಅಕ್ಕ
ತಾಯವ್ವ

ಗೋಕಾಕ ಫಾಲ್ಸ್
೫ ಸೆಪ್ಟೆಂಬರ್ ೨೦೨೫

ಪ್ರೀತಿಯ ಅಕ್ಕಾ,

ನಿನ್ನ ಪತ್ರ ಆರನೆಯ ದಿನಕ್ಕೆ ಕೈ ಸೇರಿತು. ಬಸ್ಸಿನಲ್ಲಿ ಒಂದು ತಾಸಿನ ದಾರಿ. ಟಪಾಲು ಮಾತ್ರ ಬೆಳಗಾವಿಗೆ ಹೋಗಿ, ಜಳಕ ಮಾಡಿ, ಊಟ ಮುಗಿಸಿಕೊಂಡು ಬರುತ್ತದೆ. ನಮ್ಮ ಕಾಲದಲ್ಲಿ ಹೀಗಿರಲಿಲ್ಲ.

ಮನೆ ಬಿಟ್ಟ ಸುದ್ದಿ ಓದಿ ಎರಡು ದಿನ ಊಟ ಸೇರಲಿಲ್ಲ. ನಕ್ಷತ್ರಗಳ ವಿಷಯ ನಾನೂ ಒಂದಷ್ಟು ಓದಿದ್ದೇನೆ. ದಕ್ಷನ ಇಪ್ಪತ್ತೇಳು ಹೆಣ್ಣುಮಕ್ಕಳನ್ನು ಚಂದ್ರ ಮದುವೆಯಾದ. ದಿನಕ್ಕೊಬ್ಬಳ ಮನೆಗೆ ಹೋಗುತ್ತಾನೆ ಎನ್ನುತ್ತಾರೆ. ಧನಿಷ್ಠೆಯೂ ಅವರಲ್ಲೊಬ್ಬಳು. ತಿಂಗಳಿಗೊಮ್ಮೆ ಗಂಡ ಮನೆಗೆ ಬಂದ ಹೊತ್ತಿನಲ್ಲಿ ಒಬ್ಬ ಹೆಣ್ಣುಮಗಳು ಐದು ಮಂದಿಯ ಪ್ರಾಣ ತೆಗೆಯಲು ಕೂತಿರುತ್ತಾಳೆಯೇ? ಆ ನಕ್ಷತ್ರಕ್ಕೆ ಅಷ್ಟವಸುಗಳು ದೇವತೆಗಳು. ಭೀಷ್ಮನೂ ಆ ಎಂಟರಲ್ಲಿ ಒಬ್ಬ. ಬಾಣದ ಹಾಸಿಗೆಯ ಮೇಲೆ ಮಲಗಿ, ಉತ್ತರಾಯಣ ಬರಲೆಂದು ಕಾದು, ತನ್ನ ಸಾವಿನ ಹೊತ್ತನ್ನು ತಾನೇ ಆರಿಸಿಕೊಂಡವನು ಅವನೊಬ್ಬನೇ. ಮಾವನಂಥ ಸಾಮಾನ್ಯರಿಗೆ ಅದು ಸಾಧ್ಯವೇ? ಅವರನ್ನಾಗಲಿ ಹೊತ್ತನ್ನಾಗಲಿ ದೂರುವುದು ಬೇಡ.

ಇನ್ನೊಂದು ಮಾತು. ನಿಮ್ಮ ಗೋಡೆ ಗಡಿಯಾರ ಮುಂದೆ ಓಡುತ್ತಿದ್ದಿರಬಹುದು. ಹಳೆಯ ಗಡಿಯಾರಗಳು ಒಂದು ಗಂಟೆಯಷ್ಟು ಹೆಚ್ಚುಕಡಿಮೆ ತೋರಿಸುವುದುಂಟು. ಇದನ್ನು ಅಯ್ಯನವರ ಕಿವಿಯ ಮೇಲೆ ಹಾಕು.

ರಾಧಿಕಾಳನ್ನು ಕರೆದುಕೊಂಡು ಇಲ್ಲಿಗೆ ಬಂದುಬಿಡು. ಎರಡು ಕೋಣೆ ಇವೆ. ಕಸ್ತೂರಿ ಬಾಣಂತನ ಮಾಡುತ್ತಾಳೆ.

ಮಾವನ ಕೊನೆಯ ಗಳಿಗೆಯ ಬಗ್ಗೆ ಹೆಚ್ಚು ಯೋಚನೆ ಮಾಡಬೇಡ. ಅವರು ಶಾಂತವಾಗಿಯೇ ಇದ್ದರು.

ನಿನ್ನ ತಮ್ಮ
ಶೆಟ್ಟೆಪ್ಪ

ಘೋಡಗೇರಿ
೨೬ ಸೆಪ್ಟೆಂಬರ್ ೨೦೨೫

ತಮ್ಮಾ,

ಗಡಿಯಾರದ ಮಾತು ಕೇಳಿ ನನಗ ಎಷ್ಟು ಆಸೆ ಆಗಿತ್ತು ಅಂತಿ! ಶಿವಪುತ್ರನ್ನ ಕಿಡಕಿ ಹೊರಗ ನಿಲ್ಲಿಸಿ, ಫೋನ್ ಹಿಡಿದು ಒಳಗಿನ ಗಡಿಯಾರ ನೋಡಾಕ ಹಚ್ಚಿದೆ. ಒಂದ ಮಿನಿಟು ಫರಕ್ ಐತಿ, ಅದೂ ಹಿಂದ. ಅಯ್ಯಾರಿಗೆ ಏನಂತ ಹೇಳಲಿ?

ನಿನ್ನ ಮನಿಗೆ ನಾ ಬರಂಗಿಲ್ಲ. ನೀನೂ ಈ ಕಡೆ ಕಾಲಿಡಬ್ಯಾಡ, ನನ್ನ ಆಣಿ ಐತಿ. ಅವರ ಜೀವಾ ಹೋಗುವಾಗ ಬಾಜೂಕ ಇದ್ದಾಂವ ನೀ ಒಬ್ಬನ. ಧನಿಷ್ಠಾ ಮೊದಲ ನೋಡಿದ್ದು ನಿನ್ನ ಮಾರಿ. ನಮ್ಮ ಹೆಜ್ಜಿ ಹಿಡಿದು ಅದು ನಿನ್ನ ಹೊಸ್ತಿಲಾ ದಾಟಿದ್ರ ನಾ ಕಸ್ತೂರಿಗೆ ಯಾವ ಮಾರಿ ತೋರಿಸಲಿ?

ಮೂಡಲಗ್ಯಾಗ ರಾಧಿಕಾನ ತವರಮನ್ಯಾವರು ಏನಂದ್ರು ಗೊತ್ತೈತೇನು? ಮಗಳ ಬಾಣಂತನಕ್ಕ ಕರಕೊಂಡು ಹೋಗೂದು ಇರಲಿ, ಸೀರಿ ಉಡಿಸಿ ಕುಬಸಾ ಮಾಡಾಕೂ ಬರಲಿಲ್ಲ. "ನಮ್ಮ ಸೊಸೀನೂ ಬಸರಿ ಅದಾಳ್ರಿ, ಪಂಚಕ ಹತ್ತಿದ ಮನೀ ಮಂದೀನ ಹೆಂಗ ಒಳಗ ಕರಕೊಳ್ಳೂದ್ರಿ" ಅಂದ್ರು. ರಾಧಿಕಾ ಫೋನ್ ಇಟ್ಟು ಬಾಂವಿ ಕಟ್ಟಿ ಮ್ಯಾಲ ಹ್ವಾದ್ಳು. ನಾ ಓಡಿ ಹೋಗಿ ಸೀರಿ ಹಿಡದೆ. "ಬಟ್ಟಿ ಒಗಿಯಾಕ ಬಂದೇನ್ರೀ ಅತ್ತಿ" ಅಂದ್ಳು. ಕೈಯಾಗ ಒಂದು ಬಟ್ಟಿನೂ ಇರಲಿಲ್ಲ.

ಮಳಿ ಬಿಟ್ಟೂ ಬಿಡದಂಗ ಹಿಡದೈತಿ. ಮೊನ್ನೆ ಹಾಸಿಗಿ ಕೆಳಗ ಹಾವು ಬಂದಿತ್ತು. ಬಾಜೂ ಹೊಲದ ಜೈನರ ಲಕ್ಷ್ಮೀಬಾಯಿ ಅದನ್ನ ಹೊಡಿಯಾಕ ಬಿಡಲಿಲ್ಲ, ಕೋಲಿಲೆ ದಾರಿ ತೋರಿಸಿ ಕಳಿಸಿದ್ಳು. ಆಕಿ ನನ್ನ ಅಳೂ ನೋಡಿ ಅಂತಾಳ, "ತಾಯಕ್ಕಾ, ನಮ್ಮ ಶಾಸ್ತ್ರದಾಗ ಸೂರ್ಯ ಇಬ್ಬರು, ಚಂದ್ರ ಇಬ್ಬರು, ನಕ್ಷತ್ರ ಐವತ್ತಾರು. ನಿಮ್ಮ ಯಜಮಾನ್ರು ಯಾವ ಚಂದ್ರನ ಧನಿಷ್ಠಾದಾಗ ಹ್ವಾದ್ರಂತ ನಿಮ್ಮ ಅಯ್ಯಾರನ್ನ ಕೇಳು, ನೋಡೂಣು!" ನನಗ ನಗಿ ಬಂತು ತಮ್ಮಾ. ಒಂದೂವರಿ ತಿಂಗಳ ಮ್ಯಾಲ ಅವತ್ತ ನಕ್ಕೆ. ಆಮ್ಯಾಲೆ ಹೆದರಿಕಿ ಆತು. ಒಬ್ಬ ಚಂದ್ರ ಇದ್ದಾನಂದ್ರ ಐದು ಮಂದಿ. ಇಬ್ಬರು ಇದ್ದರ?

ನಿನಗ ಪುರಾಣ ಗೊತ್ತದ, ಪುಸ್ತಕ ಗೊತ್ತದ. ಯಾರರ ದೊಡ್ಡ ಶಾಸ್ತ್ರಿಗಳನ್ನ ಹುಡುಕಿ ಕೇಳು. ಕೂಸು ಪುಷ್ಯದೊಳಗ ಬರತೈತಿ. ಆರು ತಿಂಗಳು ಮುಗಿಯೂದು ಮಾಘದಾಗ. ಆ ಕೂಸು ಈ ಶೆಡ್ಡಿನಾಗ, ಈ ನಕ್ಷತ್ರದ ಕೆಳಗ ಹುಟ್ಟಬಾರದು.

ತಾಯವ್ವ

ಗೋಕಾಕ ಫಾಲ್ಸ್
೬ ಅಕ್ಟೋಬರ್ ೨೦೨೫

ಅಕ್ಕಾ,

ಸಂತೋಷದ ಸುದ್ದಿ. ನಿನ್ನ ಪತ್ರ ಬಂದ ಮರುದಿನವೇ ಮೂಡಲಗಿಗೆ ಹೋಗಿದ್ದೆ. ಅಲ್ಲಿ ಹಳೆಯ ಪೇಟೆಯಲ್ಲಿ ಶಿದ್ಲಿಂಗಪ್ಪ ಶಾಸ್ತ್ರಿಗಳು ಎಂಬವರಿದ್ದಾರೆ. ಎಂಬತ್ತು ವರ್ಷದ ಹಿರಿಯರು. ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಕೂಡಿ ಕಳೆದು ಹೇಳಿದ್ದೇನೆಂದರೆ, ಪಂಚಕ ಹತ್ತುವುದು ಧನಿಷ್ಠೆಯ ಮೊದಲರ್ಧ ಮುಗಿದ ಮೇಲೆ. ಮೂರೂ ಹದಿನೈದಕ್ಕೆ ಧನಿಷ್ಠೆ ಹತ್ತಿ ಒಂದು ತಾಸೂ ಆಗಿರಲಿಲ್ಲ. ಆದ್ದರಿಂದ ದೋಷವೇ ಇಲ್ಲ. ಮನೆ ತೆರೆಯಿರಿ, ದೀಪ ಹಚ್ಚಿರಿ, ಬಸುರಿಯನ್ನು ಒಳಗೆ ಕರೆದುಕೊಳ್ಳಿರಿ ಎಂದು ಅಪ್ಪಣೆ ಕೊಟ್ಟಿದ್ದಾರೆ.

ಇನ್ನು ತಡ ಮಾಡಬೇಡ. ನಾಳೆಯೇ ಮುಳ್ಳು ತೆಗೆಸು.

ನಿನ್ನ
ಶೆಟ್ಟೆಪ್ಪ

ಘೋಡಗೇರಿ
೨೪ ಅಕ್ಟೋಬರ್ ೨೦೨೫

ಶೆಟ್ಟೆಪ್ಪಾ,

ಮೂಡಲಗ್ಯಾಗ ಶಿದ್ಲಿಂಗಪ್ಪ ಶಾಸ್ತ್ರಿ ಅನ್ನಾವ್ರು ಯಾರೂ ಇಲ್ಲ. ಹಳೇ ಪ್ಯಾಟ್ಯಾಗ ಇಲ್ಲ, ಹೊಸಾ ಪ್ಯಾಟ್ಯಾಗೂ ಇಲ್ಲ. ನಿನ್ನ ಪತ್ರ ಎದಿಗೆ ಒತ್ತಿಕೊಂಡು ನಾ ಅಯ್ಯಾರ ಮುಂದ ಕುಣದೆ. "ಅವರ ಕೈಲೆ ಎರಡು ಸಾಲು ಬರಿಸ್ಕೊಂಡು ಬರ್ರಿ, ನಾನ ನಿಂತು ಮುಳ್ಳು ತಗಸ್ತೇನಿ" ಅಂದ್ರು. ಶಿವಪುತ್ರ ಟ್ರ್ಯಾಕ್ಟರ್ ಪಾಳಿ ಬಿಟ್ಟು ಎರಡು ದಿನ ಮೂಡಲಗಿ ಓಣಿ ಓಣಿ ತಿರುಗ್ಯಾನ. ಕೊನೀಗೆ ಒಬ್ಬ ಚಾದ ಅಂಗಡ್ಯಾಂವ ಅಂದನಂತ, "ತಮ್ಮಾ, ಯಾರೋ ನಿನಗ ಚೇಷ್ಟಿ ಮಾಡ್ಯಾರ."

ನಿನಗ ನಾಚಿಕಿ ಬರಲಿಲ್ಲೇನು? ಸಣ್ಣ ಕೂಸಿಗೆ ಗುಳಿಗಿ ನುಂಗಿಸುವಾಗ ಸಕ್ಕರಿ ಹಚ್ಚತಾರಲ್ಲ, ಹಂಗ ನನಗ ಸುಳ್ಳು ಕೊಟ್ಟಿ. ನಾ ಮನಿ ತಗದು, ಏನರ ಆಗಿದ್ರ?

ಆತೂ ಸಹಿತ. ಅವರ ಕಾಕಾನ ಮಗ ಕೆಂಚಪ್ಪ ಭಾವಾರು ಸೋಮವಾರ ತೀರಿಕೊಂಡ್ರು. ಎಂಬತ್ಮೂರು ವರ್ಷ ಆಗಿತ್ತು, ಹಾಸಿಗಿ ಹಿಡಿದಿದ್ರು, ಎಲ್ಲಾ ಖರೆ. ಆದ್ರ ಮಣ್ಣಿಗೆ ಹ್ವಾದಲ್ಲೆ ಮಂದಿ ನನ್ನ ಕಡೆ ನೋಡಿ ಬೆರಳು ಮಡಚಿದ್ರು. ಒಂದು ಅಂತ.

ಇನ್ನ ನನಗ ಬರಿಯಬ್ಯಾಡ.

ತಾಯವ್ವ

ಘೋಡಗೇರಿ
೧೯ ನವೆಂಬರ್ ೨೦೨೫

ತಮ್ಮಾ ಶೆಟ್ಟೆಪ್ಪಾ,

ಬರಿಯಬ್ಯಾಡ ಅಂದ್ರ ಖರೇನ ಸುಮ್ಮನ ಕುಂತಿಯಲ್ಲೋ. ಸಿಟ್ಟು ಇಳದೈತಿ. ಈಗ ಸಿಟ್ಟು ಮಾಡಾಕ ತ್ರಾಣ ಇಲ್ಲ.

ಕಳದ ವಾರ ರಾಧಿಕಾಗ ರಕ್ತ ಕಂಡಿತು. ಹುಕ್ಕೇರಿ ದವಾಖಾನ್ಯಾಗ ಮೂರು ದಿನ ಇಟ್ಟುಕೊಂಡ್ರು. ಕೂಸು ಐತಿ, ಆದ್ರ ಹಾಸಿಗಿ ಬಿಟ್ಟು ಏಳಬಾರದು ಅಂದಾರ. ಒಣಗಿದ ಮನ್ಯಾಗ, ಬೆಚ್ಚಗ ಇಡ್ರಿ ಅಂದಾರ. ನಮ್ಮ ಕಡೆ ಇರೂದು ಪತ್ರಾಸು. ಮುಂಜಾನೆ ಅದರಿಂದ ಆಕಿ ಮಾರಿ ಮ್ಯಾಲ ಇಬ್ಬನಿ ಹನಿ ಬೀಳತಾವು. ನಾ ಕೂತು ಒರಸ್ತೇನಿ.

ರಾತ್ರಿ ಹೊರಗ ಬಂದ್ರ ಮುಗಿಲ ತುಂಬ ಚಿಕ್ಕಿ. ಅಪ್ಪ ನಮಗ ಮಾಳಿಗಿ ಮ್ಯಾಲ ಮಲಗಿಸಿಕೊಂಡು ತೋರಿಸ್ತಿದ್ದನಲ್ಲ, ಮುದುಕಿ ಮಂಚ. ಪುಸ್ತಕದಾಗ ಅವು ಸಪ್ತರ್ಷಿ ಅಂತಿದ್ದಿ ನೀ. ನಾಕು ಚಿಕ್ಕಿ ಮಂಚದ ಕಾಲು, ಬಾಲದಾಗಿನ ಮೂರು ಕಳ್ಳರು. ಮುದುಕಿ ನಿದ್ದಿ ಹ್ವಾದ ಕೂಡ್ಲೆ ಮಂಚ ಎತ್ತಾಕ ಕಾಯ್ತಾರ, ಅದಕ್ಕ ಆಕಿ ಲೋಕ ಹುಟ್ಟಿದಾಗಿಂದ ಕಣ್ಣು ಮುಚ್ಚಿಲ್ಲ ಅಂತಿದ್ದ ಅಪ್ಪ. ನನಗೂ ಈಗ ನಿದ್ದಿ ಇಲ್ಲ.

ನಿನಗೊಬ್ಬನಿಗೆ ಒಂದು ಮಾತು ಹೇಳತೇನಿ. ಕೆಂಚಪ್ಪ ಭಾವಾರದು ಒಂದು ಆತು. ಉಳದದ್ದು ನಾಕು. ರಾಧಿಕಾ ಹೊರಗಿಂದ ಬಂದಾಕಿ, ಆದ್ರ ಹೊಟ್ಟ್ಯಾಗಿಂದು ಅವರ ರಕ್ತ. ಮುಂದಿನ ಪಾಳಿ ಅದರದ ಇದ್ದರ? ಹೇಣ್ತಿ ಅಂದ್ರ ಅರ್ಧಾ ಮೈ ಅಂತಾರ ಅಯ್ಯಾರು. ಹಂಗಾರ ನನ್ನ ಹೆಸರೂ ಆ ಪಾಳ್ಯಾಗ ಬರತೈತಿ. ಹತ್ತು ದಿನಾತು, ಒಂದು ಲೋಟ ಮಜ್ಜಿಗಿ ಮ್ಯಾಲ ಅದೇನಿ. ಹುಡುಗರಿಗೆ ಕಾರ್ತಿಕದ ವ್ರತ ಅಂತ ಹೇಳೇನಿ. ಕೂಸು ಭೂಮಿಗೆ ಬರೂದ್ರೊಳಗ ನಾ ಅಲ್ಲೆ ಮುಟ್ಟಬೇಕು. ಅವರ ಕೈ ಹಿಡಿದು, "ಸಾಕ್ರಿ, ನಾ ಬಂದೇನಿ, ಇನ್ನ ಯಾರನ್ನೂ ಕರೀಬ್ಯಾಡ್ರಿ" ಅಂತ ಹೇಳತೇನಿ. ನನ್ನ ಹೆಸರು ಹಿಡಿದು ಕರದಾರಲ್ಲ ಅವರು, ನನ್ನ ಮಾತು ಕೇಳತಾರ.

ಶಿವಪುತ್ರಗ ನೀ ದಿಕ್ಕು.

ತಾಯವ್ವ

ಗೋಕಾಕ ಫಾಲ್ಸ್
೨೪ ನವೆಂಬರ್ ೨೦೨೫
(ಸ್ಪೀಡ್ ಪೋಸ್ಟ್)

ಅಕ್ಕಾ,

ಈ ಪತ್ರ ಓದುವ ಮೊದಲು ಏನಾದರೂ ತಿನ್ನು. ನಿನ್ನ ಕಾಲು ಹಿಡಿದು ಬೇಡುತ್ತೇನೆ. ನೀನು ಮಾಡುತ್ತಿರುವುದು ಅವಿಚಾರದ ಕೆಲಸ. ನಾನು ನಿನಗೆ ಒಂದು ವಿಷಯವನ್ನು ಇಷ್ಟು ದಿನ ತಿಳಿಸದೆ

ಇಲ್ಲಕ್ಕಾ. ಪುಸ್ತಕದ ಭಾಷಾದಾಗ ಇದನ್ನ ಬರಿಯಾಕ ಆಗವಲ್ದು. ಮೂರು ಹಾಳಿ ಹರದೇನಿ. ನಮ್ಮ ಮಾತಿನಾಗ ಹೇಳತೇನಿ.

ಮೂರೂ ಹದಿನೈದು ಅನ್ನೂದು ಸುಳ್ಳು. ಮಾವ ಯಾವಾಗ ಹ್ವಾದ್ರೋ ನನಗ ಗೊತ್ತಿಲ್ಲ. ನಾ ಮಲಗಿದ್ದೆ.

ನೀವು ಬಸ್ಸಿಗೆ ಹ್ವಾದ್ರಿ. ನಿನ್ನ ಹೋಳಿಗಿ ನಾಕು ತಿಂದಿದ್ದೆ, ತುಪ್ಪ ಬ್ಯಾರೆ. ಮಾವನ ಮಂಚದ ಬಾಜೂಕ ಚಾಪಿ ಹಾಸಿಕೊಂಡೆ, ಸುಮ್ಮನ ಬೆನ್ನು ಚಾಚೂಣು ಅಂತ. ಆಗ ಮಧ್ಯಾಹ್ನ ಒಂದೂ ಹೊಡದಿದ್ದಿಲ್ಲ. ಎದ್ದಾಗ ಮೂರೂವರಿ. ಮಾವನ ಮಾರಿ ನನ್ನ ಕಡೆ ತಿರುಗಿತ್ತು. ಕೈ ಮುಟ್ಟಿದೆ, ತಣ್ಣಗ ಕಲ್ಲು ಆಗಿತ್ತು. ಗದ್ದ ಬಿಗಿದಿತ್ತು, ಬಾಯಿ ಮುಚ್ಚಾಕ ಬರಲಿಲ್ಲ. ಟಪಾಲು ಹಂಚುವಾಗ ನಾ ಎಷ್ಟೋ ಸಾವಿನ ಮನಿ ನೋಡೇನಿ ಅಕ್ಕಾ, ಅದು ಈಗಿನ ಸಾವು ಅಲ್ಲ. ಎರಡು ತಾಸು ಆಗಿತ್ತು, ಹೆಚ್ಚ ಆಗಿರಬೇಕು. ಅಂದ್ರ ಶ್ರವಣ ಇದ್ದಾಗ. ಧನಿಷ್ಠಾ ಅವರನ್ನ ಮುಟ್ಟೇ ಇಲ್ಲ.

ನೀ ಬಾಗಿಲದಾಗ ಬಂದು ನಿಂತಿ. "ಹೆಂಗ ಅದಾರು" ಅಂತ ಕೈ ಮಾಡಿ ಕೇಳಿದಿ. ನಾ ನಿದ್ದಿ ಹೊಡದೆ ಅಂತ ಹೆಂಗ ಹೇಳಲಿ? "ಈಗ ಹ್ವಾದ್ರು, ಮೂರೂ ಹದಿನೈದಕ್ಕ, ನನ್ನ ಕೈಯಾಗ" ಅಂದೆ. ಆ ಹೊತ್ತಿಗೆ ಒಂದು ನಕ್ಷತ್ರ ಇರತೈತಿ, ಅದು ನಿಮ್ಮನ್ನ ಮನಿ ಬಿಡಸತೈತಿ ಅಂತ ನನಗೇನು ಗೊತ್ತು? ಅಯ್ಯಾರು ಪಂಚಾಂಗ ತಗದಾಗ ನನ್ನ ಎದಿ ಒಡೀತು. ಆಗರ ಹೇಳಬೇಕಿತ್ತು. ಹತ್ತು ಮಂದಿ ಕುಂತಿದ್ರು, ಬಾಯಿ ಬರಲಿಲ್ಲ. ಆಮ್ಯಾಲೆ ಒಂದೊಂದು ದಿನ ಹೋದಂಗ ಇನ್ನಷ್ಟು ಬರಲಿಲ್ಲ.

ಮನಿ ತಗೀ ಅಕ್ಕಾ. ಊಟ ಮಾಡು. ನನಗ ಚಪ್ಪಲಿ ತಗೊಂಡು ಹೊಡಿ.

ಶೆಟ್ಟೆಪ್ಪ

ಘೋಡಗೇರಿ
೨೮ ನವೆಂಬರ್ ೨೦೨೫

ತಮ್ಮಾ,

ಓದಿದೆ. ಕಣ್ಣೀರು ಬಂತು.

ನೀ ಎಂಥಾ ದೊಡ್ಡ ಮನಸ್ಸಿನಾಂವ ಅದೀಯೋ. ನನ್ನ ಜೀವಾ ಉಳಿಸಾಕ ನಿನ್ನ ತಲಿ ಮ್ಯಾಲ ನೀನ ಕಲ್ಲು ಹಾಕೊಳ್ಳಾಕ ನಿಂತಿ. ಅವತ್ತ ಮೂಡಲಗಿ ಶಾಸ್ತ್ರಿನ್ನ ಹುಟ್ಟಿಸಿದಿ, ಇವತ್ತ ನಿದ್ದಿ ಹುಟ್ಟಿಸಿದಿ. ನನಗೇನು ತಿಳಿಯಂಗಿಲ್ಲ ಅಂತ ಮಾಡಿಯೇನು? ನೀ ಮಲಗೂ ಪೈಕಿ ಅಲ್ಲ. ಅವ್ವ ಸಾಯುವಾಗ ಒಂಬತ್ತು ದಿನ ಎಚ್ಚರ ಇದ್ದಾಂವ ನೀ.

ಕಸ್ತೂರಿ ಕೈಲೆ ಶಿವಪುತ್ರಗ ಫೋನ್ ಹಚ್ಚಿಸಬ್ಯಾಡ. ಪೋರ ಹೆದರಿ ಅಳಾಕತ್ತಾನ. ವ್ರತ ಅಂತ ಮತ್ತ ಸಮಾಧಾನ ಮಾಡೇನಿ.

ಅವರು ನನ್ನ ಹೆಸರು ಕರದ್ರು ಅನ್ನೂದನ್ನ ನನ್ನ ಕಡಿಂದ ಕಸಗೋಬ್ಯಾಡ. ಅದೊಂದ ಉಳದೈತಿ.

ಈಗ ಮಜ್ಜಿಗೀನೂ ಒಳಗ ಹೋಗವಲ್ದು. ಅಕ್ಷರ ಸಾಲು ಬಿಟ್ಟು ಇಳದಾವು, ನೋಡು.

ತಾಯವ್ವ

ಗೋಕಾಕ ಫಾಲ್ಸ್
೩ ಡಿಸೆಂಬರ್ ೨೦೨೫
(ಸ್ಪೀಡ್ ಪೋಸ್ಟ್)

ಅಕ್ಕಾ,

ನಿನ್ನ ಆಣಿ ಮುರಿದು ನಿನ್ನೆ ಬಂದಿದ್ದೆ. ನೀ ಶೆಡ್ಡಿನಿಂದ ಹೊರಗ ಬಂದು ನನ್ನ ನೋಡಿದಿ. ಕಬ್ಬು ಕಡದ ಹೊಲ, ನಡುವ ಒಂದು ಬದುವು. ನೀ ಗ್ವಾಡಿ ಹಿಡಿದು ನಿಂತಿದ್ದಿ, ಸೀರಿ ಒಳಗ ಮೈಯ ಇರಲಿಲ್ಲ. ಎರಡೂ ಕೈ ಎತ್ತಿ ಹಿಂದ ಹೋಗು, ಹಿಂದ ಹೋಗು ಅಂತ ಮಾಡಿದಿ. ಬಾಯಿ ತಗದು ಏನೋ ಒದರಾಕತ್ತಿದ್ದಿ. ಒಂದು ಅಕ್ಷರ ಕೇಳಲಿಲ್ಲ ನನಗ. ನಾ ಒಂದು ಹೆಜ್ಜಿ ಮುಂದ ಇಟ್ಟೆ, ನೀ ನೆಲಕ್ಕ ಹಣಿ ಬಡಕೊಂಡಿ. ಅದಕ್ಕ ತಿರುಗಿ ಬಂದೆ. ಹೆದರಿ ಬಂದದ್ದಲ್ಲ.

ಬಸ್ಸಿನಾಗ ಕುಂತಾಗ ತಿಳೀತು, ನಿನಗ ಏನು ಹೇಳಬೇಕಿತ್ತು ಅಂತ.

ನೀ ಅಷ್ಟು ಜೋರು ಒದರಿದಿ. ನಲವತ್ತು ಹೆಜ್ಜಿ ದೂರ ಇದ್ದೆ. ನನಗ ಕೇಳಲಿಲ್ಲ. ಬಸ್ಸಿನಾಂವ ಕಿವಿ ಹತ್ರ ಹಾರ್ನ್ ಹೊಡದ್ರೂ ನನಗ ಕೇಳಂಗಿಲ್ಲ. ಹಂತಾದ್ರಾಗ ಅರ್ಧಾಂಗವಾಯು ಹೊಡದು ನಾಲಿಗಿ ದಪ್ಪ ಆಗಿದ್ದ ಮಾವ ಸಣ್ಣ ದನೀಲೆ "ತಾಯಾ" ಅಂದದ್ದು ನನಗ ಹೆಂಗ ಕೇಳಿತು ಅಕ್ಕಾ? ನೀ ಒಮ್ಮೆರ ಯಾಕ ಕೇಳಲಿಲ್ಲ?

ನಾನ ಕಟ್ಟಿ ಹೇಳಿದೆ. ನಿನಗ ಸಮಾಧಾನ ಆಗಲಿ ಅಂತ. ನನ್ನ ಮ್ಯಾಲಿನ ಮಾತು ಅಲ್ಲೆ ಮುಗೀಲಿ ಅಂತ. ನೀರು ಬಿಟ್ಟದ್ದೂ ಸುಳ್ಳು. ಗಂಜಿ ಕುಡಿಸಿದ್ದೂ ಸುಳ್ಳು. ಗಂಜಿ ಬಟ್ಟಲಾ ನೀ ಮುಚ್ಚಿಟ್ಟು ಹ್ವಾದಂಗ ಇತ್ತು. ಎದ್ದ ಮ್ಯಾಲ ಅದನ್ನ ಹಿತ್ತಲದಾಗ ನುಗ್ಗಿ ಗಿಡದ ಬುಡಕ್ಕ ಚೆಲ್ಲಿ, ಬಟ್ಟಲಾ ತೊಳದು ಡಬ್ಬ ಹಾಕಿದೆ. ಹೆಣ ಮಂಚದ ಮ್ಯಾಲ ಇತ್ತು, ನಾ ಬಟ್ಟಲಾ ತೊಳ್ಯಾಕತ್ತಿದ್ದೆ.

ಅವರು ಕರದಿದ್ರೂ ಕರದಿರಬೇಕು. ನನ್ನ ಕರದ್ರೋ ನಿನ್ನ ಕರದ್ರೋ ಗೊತ್ತಿಲ್ಲ. ಮಾರಿ ನನ್ನ ಕಡೆ ಇತ್ತು.

ನಾನು ನೀಚ ಮನುಷ್ಯಾ ಅಂತ ತಿಳಕೋ, ಆದ್ರ ನಂಬು. ಕೂಸಿನ ಸಲುವಾಗಿ ನಂಬು.

ಶೆಟ್ಟೆಪ್ಪ

ಘೋಡಗೇರಿ
೨೨ ಡಿಸೆಂಬರ್ ೨೦೨೫

ಶೆಟ್ಟೆಪ್ಪಾ,

ನುಗ್ಗಿ ಗಿಡದ ಬುಡಕ್ಕ ಚೆಲ್ಲಿದ ಗಂಜಿ ಅವತ್ತ ನಾ ನೋಡಿದ್ದೆ. ಹೆಣ ನೋಡಾಕ ಬಂದವರ ಕಾಲಾಗ ಇರಿವಿ ಹತ್ತಿದುವು. ಅನ್ನ ಚೆಲ್ಲತಿ ಅಂತ ಆ ದುಃಖದಾಗೂ ರಾಧಿಕಾಗ ಬೈದೆ. ಆಕಿ "ನಾ ಅಲ್ಲರೀ" ಅಂದ್ಳು. ನಿನಗ ಕಿವಿ ಇಲ್ಲ ಅನ್ನೂದು ನನಗ ಗೊತ್ತಿರಲಿಲ್ಲೇನು? ಗೊತ್ತಿತ್ತು. ಕೇಳಿದ್ರ ಆ ಹೆಸರು ಹೋಗತೈತಿ ಅಂತ ಕೇಳಲಿಲ್ಲ.

ನಿನ್ನ ಪತ್ರ ಓದಿ ಒಂದು ಹಗಲು ಹಂಗ ಬಿದ್ದಿದ್ದೆ. ಸಂಜಿಗೆ ಲಕ್ಷ್ಮೀಬಾಯಿ ಹೊತ್ತು ಮುಳುಗೂದ್ರೊಳಗ ತನ್ನ ಊಟ ಮುಗಿಸಿ, ನನ್ನ ಸಲುವಾಗಿ ಅಂಬಲಿ ತಂದ್ಳು. ಕುಡದೆ. ಕಾರಿಕೊಂಡೆ. ಮತ್ತ ಕುಡದೆ.

ಮೂರನೇ ದಿನಾ ಊರಾಗ ಹೋಗಿ ಮುಳ್ಳು ನಾನ ಕಿತ್ತೆ. ಅಯ್ಯಾರು ಓಡಿ ಬಂದ್ರು, ನೀ ಬರದದ್ದು ಹೇಳಿದೆ. "ಯಾರೂ ನೋಡದ ಸಾವಿಗೆ ಕಂಡ ಹೊತ್ತ ಹೊತ್ತು, ತಾಯವ್ವಾ" ಅಂದ್ರು. ನಾ ಅಂದೆ, "ತಣ್ಣಗ ಆದ ಮೈ ಪಂಚಾಂಗ ನೋಡಿ ತಣ್ಣಗ ಆಗಂಗಿಲ್ರಿ." ಬಾಗಿಲಾ ತಗದೆ. ಒಳಗ ಇಲಿ ಸತ್ತ ವಾಸನಿ ಇತ್ತು. ಬಳದು ಸಾರಿಸಿ ರಾಧಿಕಾನ ಅವರು ಮಲಗತಿದ್ದ ಮಂಚದ ಮ್ಯಾಲ ಮಲಗಿಸಿದೆ.

ನಿನ್ನ ಮ್ಯಾಲ ನನಗ ಎಷ್ಟು ಸಿಟ್ಟು ಐತಿ ಅಂದ್ರ ಅದನ್ನ ಬರಿಯಾಕ ಹಾಳಿ ಸಾಲಂಗಿಲ್ಲ. ನಕ್ಷತ್ರದ ಮ್ಯಾಲ ಇದ್ದ ಸಿಟ್ಟು ಸಸಾರ ಇತ್ತು. ಅದು ದೂರ ಇತ್ತು, ಉತ್ತರಾ ಕೊಡತಿದ್ದಿಲ್ಲ. ಕೂಸಿಗೆ ಹೆಸರಿಡಾಕ ಬಾ ಅಂತ ಕರಿಯಾಕ ಮನಸ್ಸು ಆಗವಲ್ದು. ಬರಬ್ಯಾಡ ಅಂತ ಬರಿಯಾಕ ಕೈ ಬರವಲ್ದು.

ಯಾಕಂದ್ರ ನಾನೂ ಒಂದು ಮುಚ್ಚಿಟ್ಟೇನಿ. ಅವತ್ತ ದವಾಖಾನಿ ಕೆಲಸ ಹನ್ನೆರಡೂವರಿಗೇನ ಮುಗಿದಿತ್ತು. ಒಂದರ ಬಸ್ಸು ಬಂತು. ರಾಧಿಕಾ "ನಡೀರಿ ಅತ್ತಿ" ಅಂದ್ಳು. ನಾ "ಮುಂದಿನದಕ್ಕ ಹೋಗೂಣು" ಅಂದೆ. ಎರಡು ತಿಂಗಳು ಅವರ ಹೇಲು ಉಚ್ಚಿ ಬಳದು ಬಳದು ನನ್ನ ಕೈಯಾಗಿನ ವಾಸನಿ ಹೋಗಿದ್ದಿಲ್ಲ. ಮನಿಗೆ ಹೋಗಾಕ ಬ್ಯಾಡಾಗಿತ್ತು ತಮ್ಮಾ. ಹುಕ್ಕೇರಿ ಸ್ಟ್ಯಾಂಡಿನಾಗ ಗಾಳಿಗೆ ಕುಂತೆ. "ದೇವರ, ಇವರನ್ನ ಬೇಗ ಬಿಡಸು" ಅಂದೆ. ಕಬ್ಬಿನ ಹಾಲು ಕುಡದೆ, ಎರಡು ಗ್ಲಾಸು, ಬರ್ಫ ಹಾಕಿಸಿಕೊಂಡು. ಅದ ಹೊತ್ತಿಗೆ ಅವರು ಹ್ವಾದ್ರು. ನೀ ಬಾಜೂಕ ಮಲಗಿದ್ದಿ, ನಾ ಅಲ್ಲೆ ಕುಂತು ಕಬ್ಬಿನ ಹಾಲು ಕುಡ್ಯಾಕತ್ತಿದ್ದೆ. ಐದು ಮಂದೀನ ಎಳಕೊಂಡು ಹೋಗಾಂವ ಅಂತ ಅವರ ಮ್ಯಾಲ ಹೇಳಿದ್ರಲ್ಲೋ. ಅವರು ಒಬ್ಬರ ಹ್ವಾದ್ರು.

ಮೊನ್ನೆ ಶನಿವಾರ ರಾಧಿಕಾ ದವಾಖಾನ್ಯಾಗ ಹಡದ್ಳು. ಹೆಣ್ಣು. ಸಣ್ಣದೈತಿ, ಆದ್ರ ದನಿ ಜೋರ ಐತಿ, ನಿನಗೂ ಕೇಳೀತು. ತಾಯಿ ಮಗಳು ಇಬ್ಬರೂ ಮನ್ಯಾಗ ಅದಾರ.

ನಿನ್ನೆ ಅಯ್ಯಾರು ಪಂಚಾಂಗ ಬಗಲಾಗ ಹಿಡಕೊಂಡು ಬಂದ್ರು. ಸಿಟ್ಟು ಬಿಟ್ಟಿದ್ರು, ಪಾಪ. "ಕೂಸು ಹುಟ್ಟಿದ ಹೊತ್ತು ಎಷ್ಟ್ರಿ?" ಅಂತ ಕೇಳಿದ್ರು.

"ಗಡಿಯಾರ ನೋಡಲಿಲ್ರಿ" ಅಂದೆ.

ನೋಡಿದ್ದೆ. ನಿನಗೂ ಹೇಳಂಗಿಲ್ಲ.

ತಾಯವ್ವ